ಲ್ಯಾಪ್ಸ್ ಆತೋ, ಮಾಡಿದರೋ?

ವಿಮೆ ಕಂತು ತುಂಬಲಿಲ್ಲಂದ್ರ ನಮ್ಮ ರೋಣ, ಗಜೇಂದ್ರಗಡದ ಮನಿಗಳೊಳಗ “ಪಾಲಿಸಿ ಲ್ಯಾಪ್ಸ್ ಆತು” ಅಂತೀವಿ. ಇಂಗ್ಲಿಷಿನ್ಯಾಗ ಈ ಶಬ್ದ ನಾಮಪದನೂ ಹೌದು, ಕ್ರಿಯಾಪದನೂ ಹೌದು. ಕ್ರಿಯಾಪದ ಆದಾಗ ಹಕ್ಕು ತಾನಾಗೇ ಬಿದ್ದುಹೋತು ಅಂದಂಗ. ಕೆಡವಿದವರ ಹೆಸರು ಬರೂದಿಲ್ಲ.

ಕಂಪನಿ ಸರ್ಕಾರಕ್ಕ ಇದೇ ಬೇಕಾಗಿತ್ತು. ಡಾಲ್‌ಹೌಸಿ ಕಾಲಕ್ಕ ಅದು ನಾಮಪದವಾಗಿ ಒಂದು ನೀತಿಯ ಹೆಸರೇ ಆತು: ಹೊಟ್ಟಿಲೆ ಹುಟ್ಟಿದ ಗಂಡುಮಗ ಇಲ್ಲ, ದತ್ತಕಕ್ಕ ಒಪ್ಪಿಗಿ ಇಲ್ಲ, ಸಂಸ್ಥಾನ ಕಂಪನಿಗೆ. 1848ರಾಗ ಸಾತಾರಾ, 1854ರಾಗ ಝಾನ್ಸಿ ಹಿಂಗ ಹೋದವು. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರಿಗೂ ದತ್ತಕಕ್ಕ ಒಪ್ಪಿಗಿ ಸಿಗಲಿಲ್ಲ. 1858ರ ಮೇ ತಿಂಗಳಾಗ ಅವರು ಬಂಡೆದ್ದರು. ಸುರೇಬಾನದಾಗ ಕಂಪನಿಯ ಅಧಿಕಾರಿ ಮ್ಯಾನ್ಸನ್‌ನ ಕೊಲೆ ಆತು. ಜೂನ್ 12ಕ್ಕ ಬೆಳಗಾವಿಯಾಗ ಬಾಬಾಸಾಹೇಬರನ್ನ ಗಲ್ಲಿಗೇರಿಸಿದರು.

ನಮ್ಮ ಮಾತಿನ್ಯಾಗ ‘ಲ್ಯಾಪ್ಸ್’ ಒಂಟಿಯಾಗಿ ಕ್ರಿಯಾಪದ ಆಗೂದಿಲ್ಲ. ಅದಕ್ಕ ‘ಆಗು’ ಇಲ್ಲಾ ‘ಮಾಡು’ ಜೋಡಿಸಬೇಕು. ಅದಕ್ಕ ನಾನು ಮನಿ ಮಕ್ಕಳಿಗೆ ಹೇಳೂದು ಇಷ್ಟ: ಕಂತು ತಪ್ಪಿದ ಪಾಲಿಸಿ ಲ್ಯಾಪ್ಸ್ ಆಗತೈತಿ. ಝಾನ್ಸಿ ಲ್ಯಾಪ್ಸ್ ಆಗಲಿಲ್ಲ, ಮಾಡಿದರು. ನರಗುಂದನೂ ಅದೇ ಹಾದಿಗೆ ಹಚ್ಚಿದ್ದರು.