ಪಾರಂಪರಿಕ ಕಟ್ಟಡಗಳ ಸ್ಥಳೀಯ ಪಟ್ಟಿ: ಹೈದರಾಬಾದ್ ಮತ್ತು ಮಲ್ಕಾಜ್‌ಗಿರಿ

ಒಂದು ಊರಿನ ಹಳೆಯ ಮನೆ, ಕಚೇರಿ, ಆಸ್ಪತ್ರೆ, ಮಾರುಕಟ್ಟೆ, ಪ್ರಾರ್ಥನಾ ಮಂದಿರ ಮೊದಲಾದವುಗಳಿಗೆ ಚಾರಿತ್ರಿಕ ಅಥವಾ ವಾಸ್ತುಶಿಲ್ಪದ ಮಹತ್ತ್ವವಿದೆಯೆಂದು ಅಲ್ಲಿಯ ಯೋಜನಾ ಪ್ರಾಧಿಕಾರವೋ ಪೌರಾಡಳಿತ ಸಂಸ್ಥೆಯೋ ಅಧಿಕೃತವಾಗಿ ಗುರುತಿಸಿ, ಪೂರ್ವಾನುಮತಿಯಿಲ್ಲದೆ ಅವುಗಳನ್ನು ಕೆಡವದಂತೆ ಅಥವಾ ಹೊರರೂಪ ಬದಲಿಸದಂತೆ ನಿರ್ಬಂಧಿಸುವ ವ್ಯವಸ್ಥೆಗೆ ಪಾರಂಪರಿಕ ಕಟ್ಟಡಗಳ ಸ್ಥಳೀಯ ಪಟ್ಟಿ ಎನ್ನುತ್ತಾರೆ. ಬಿಡಿ ಕಟ್ಟಡಕ್ಕೆ ಬದಲಾಗಿ ಒಂದು ಬೀದಿ, ಕೇರಿ ಅಥವಾ ಆವರಣವನ್ನೇ ಗುರುತಿಸಿದಾಗ ಅದು ಪಾರಂಪರಿಕ ಪ್ರದೇಶವೆನಿಸುತ್ತದೆ. ಪಟ್ಟಿಗೆ ಸೇರಿದ ಕಟ್ಟಡವು ಸರ್ಕಾರದ ಸ್ವತ್ತಾಗುವುದಿಲ್ಲ. ಮಾಲೀಕ ಅದರಲ್ಲಿ ವಾಸಿಸಬಹುದು, ಬಾಡಿಗೆಗೆ ಕೊಡಬಹುದು, ಮಾರಲೂಬಹುದು, ಆದರೆ ಕೆಡವುವ ಅಥವಾ ಮಾರ್ಪಡಿಸುವ ಮುನ್ನ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕಾಗುತ್ತದೆ.

ಭಾರತದಲ್ಲಿ ಈ ಪದ್ಧತಿಯನ್ನು ಬೇಗನೆ ಕೈಗೊಂಡ ನಗರಗಳಲ್ಲಿ ಹೈದರಾಬಾದ್ ಒಂದು. ಅಲ್ಲಿಯ ಅನುಭವವನ್ನು ಚಾರ್‌ಮಿನಾರಿನ ಸುತ್ತಣ ಹಳೆಯ ನಗರದಿಂದ ನೋಡುವುದು ವಾಡಿಕೆ. ಆದರೆ ಸಿಕಂದರಾಬಾದಿನ ಈಶಾನ್ಯದ ಅಂಚಿನಲ್ಲಿರುವ ಮಲ್ಕಾಜ್‌ಗಿರಿಯಿಂದ ನೋಡಿದರೆ ಪಟ್ಟಿಯ ಶಕ್ತಿಯೂ ಮಿತಿಯೂ ಹೆಚ್ಚು ಸ್ಪಷ್ಟವಾಗುತ್ತವೆ. ಬಹುಕಾಲ ಪ್ರತ್ಯೇಕ ಪುರಸಭೆಯಾಗಿದ್ದ ಈ ಊರು 2007ರಲ್ಲಿ ಬೃಹತ್ ಹೈದರಾಬಾದ್ ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು, 2016ರಲ್ಲಿ ಮೇಡ್ಚಲ್–ಮಲ್ಕಾಜ್‌ಗಿರಿ ಎಂಬ ಹೊಸ ಜಿಲ್ಲೆಗೆ ತನ್ನ ಹೆಸರನ್ನು ಕೊಟ್ಟಿತು. ಇದರ ಹೆಸರಿನ ಲೋಕಸಭಾ ಕ್ಷೇತ್ರವು ಮತದಾರರ ಸಂಖ್ಯೆಯಲ್ಲಿ ದೇಶದಲ್ಲೇ ಅತಿ ದೊಡ್ಡದೆನಿಸಿದೆ.

ಸ್ಮಾರಕ ರಕ್ಷಣೆ ಮತ್ತು ಸ್ಥಳೀಯ ಪಟ್ಟಿ ಒಂದೇ ಅಲ್ಲ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮವು ನೂರು ವರ್ಷಕ್ಕೆ ಕಡಿಮೆಯಿಲ್ಲದ, ರಾಷ್ಟ್ರೀಯ ಮಹತ್ತ್ವದ ರಚನೆಗಳಿಗೆ ಅನ್ವಯಿಸುತ್ತದೆ. ಚಾರ್‌ಮಿನಾರ್ ಮತ್ತು ಗೋಲ್ಕೊಂಡ ಕೋಟೆ ಇದರಡಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಶದಲ್ಲಿವೆ. ಅವಿಭಜಿತ ಆಂಧ್ರಪ್ರದೇಶದ 1960ರ ಅಧಿನಿಯಮವು ರಾಜ್ಯಮಟ್ಟದ ಸ್ಮಾರಕಗಳಿಗೆ ಇಂಥದೇ ರಕ್ಷಣೆ ನೀಡಿತು. ಇದಕ್ಕೂ ಹಿಂದೆ, 1914ರಲ್ಲಿ ಸ್ಥಾಪಿತವಾದ ನಿಜಾಮ್ ಸಂಸ್ಥಾನದ ಪುರಾತತ್ತ್ವ ಇಲಾಖೆಯು ಗುಲಾಂ ಯಜ್ದಾನಿಯವರ ನಿರ್ದೇಶನದಲ್ಲಿ, ಇಂದು ಕರ್ನಾಟಕಕ್ಕೆ ಸೇರಿರುವ ಬೀದರ್, ಕಲಬುರಗಿ, ರಾಯಚೂರು ಸೀಮೆಗಳನ್ನೂ ಒಳಗೊಂಡು ವಿಸ್ತಾರವಾದ ಸಮೀಕ್ಷೆಗಳನ್ನು ನಡೆಸಿತ್ತು. ಬೀದರಿನ ಚರಿತ್ರೆ ಮತ್ತು ಸ್ಮಾರಕಗಳನ್ನು ಕುರಿತ ಯಜ್ದಾನಿಯವರ 1947ರ ಗ್ರಂಥವನ್ನು ವಿದ್ವಾಂಸರು ಈಗಲೂ ಆಧರಿಸುತ್ತಾರೆ. ಆದರೆ ಕೋಟೆ, ಗೋರಿ, ಮಸೀದಿ, ದೇವಾಲಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಈ ವ್ಯವಸ್ಥೆಗಳು, ಅಡುಗೆಮನೆಯ ಹೊಗೆಯೇಳುವ, ಮಕ್ಕಳು ಪಾಲು ಕೇಳುವ, ವರ್ಷವರ್ಷವೂ ಸುಣ್ಣ ಬಳಿಯಬೇಕಾದ ಮನೆಗಳಿಗೆ ಹೊಂದುವಂಥವಲ್ಲ. ಆ ಅಂತರವನ್ನು ತುಂಬಲು ಹುಟ್ಟಿದ್ದೇ ಸ್ಥಳೀಯ ಪಟ್ಟಿ.

ಹೊರದೇಶಗಳಲ್ಲಿ ಇದಕ್ಕೆ ದೀರ್ಘ ಇತಿಹಾಸವಿದೆ. ಅಮೆರಿಕದ ಚಾರ್ಲ್ಸ್‌ಟನ್ ನಗರ 1931ರಲ್ಲಿಯೇ ತನ್ನ ಹಳೆಯ ಬಡಾವಣೆಗೆ ಇಂಥ ಕಟ್ಟಳೆಯನ್ನು ಮಾಡಿತು. ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕೆಡವಿದ್ದರ ವಿರುದ್ಧ ಎದ್ದ ಜನಾಕ್ರೋಶದ ಬೆನ್ನಿಗೆ ನ್ಯೂಯಾರ್ಕ್ ನಗರ 1965ರಲ್ಲಿ ತನ್ನ ಕಾನೂನನ್ನು ಜಾರಿಗೆ ತಂದಿತು. ಭಾರತದಲ್ಲಿ ಮೊದಲ ಹೆಜ್ಜೆಯಿಟ್ಟದ್ದು ಮುಂಬೈ. 1995ರಲ್ಲಿ ಅಲ್ಲಿಯ ಅಭಿವೃದ್ಧಿ ನಿಯಂತ್ರಣ ನಿಯಮಗಳಲ್ಲಿ ಪರಂಪರೆಯ ರಕ್ಷಣೆಗೆ ಪ್ರತ್ಯೇಕ ನಿಯಮ ಸೇರಿತು, ಕಟ್ಟಡಗಳನ್ನು ಮಹತ್ತ್ವಕ್ಕೆ ತಕ್ಕಂತೆ ಶ್ರೇಣಿಗಳಾಗಿ ವಿಂಗಡಿಸುವ ಕ್ರಮವೂ ಬಂತು. ಅತ್ಯುನ್ನತ ಶ್ರೇಣಿಯ ಕಟ್ಟಡದ ಒಳಗಾಗಲಿ ಹೊರಗಾಗಲಿ ಅನಿವಾರ್ಯವಾದುದನ್ನು ಬಿಟ್ಟು ಬದಲಾವಣೆಗೆ ಅವಕಾಶವಿಲ್ಲ. ಕೆಳಗಿನ ಶ್ರೇಣಿಗಳಲ್ಲಿ ಬೀದಿಗೆ ಕಾಣುವ ಮುಖವನ್ನು ಉಳಿಸಿಕೊಂಡು ಒಳಭಾಗವನ್ನು ಮಾರ್ಪಡಿಸಬಹುದು.

ಅದೇ 1995ರ ಕೊನೆಯಲ್ಲಿ ಆಂಧ್ರಪ್ರದೇಶ ಸರ್ಕಾರವು ಹೈದರಾಬಾದ್ ನಗರಾಭಿವೃದ್ಧಿ ಪ್ರಾಧಿಕಾರದ 1981ರ ವಲಯ ನಿಯಮಾವಳಿಗೆ, ಎಂದರೆ ನಗರದ ಯಾವ ಭಾಗದಲ್ಲಿ ಏನನ್ನು ಎಷ್ಟು ಕಟ್ಟಬಹುದೆಂದು ನಿರ್ಧರಿಸುವ ನಿಯಮಗಳಿಗೆ, ಪರಂಪರೆಯ ರಕ್ಷಣೆಗೆ ಮೀಸಲಾದ 13ನೆಯ ನಿಯಮವನ್ನು ಸೇರಿಸಿತು. ಪಟ್ಟಿಯಲ್ಲಿರುವ ಕಟ್ಟಡವನ್ನು ಕೆಡವಲು, ವಿಸ್ತರಿಸಲು ಅಥವಾ ಮರುನಿರ್ಮಿಸಲು ಪ್ರಾಧಿಕಾರದ ಅನುಮತಿ ಬೇಕೆಂದೂ, ಅನುಮತಿಗೆ ಮುನ್ನ ಪಾರಂಪರಿಕ ಸಂರಕ್ಷಣಾ ಸಮಿತಿಯ ಸಲಹೆ ಪಡೆಯಬೇಕೆಂದೂ, ಹೆಸರುಗಳನ್ನು ಸೇರಿಸುವಾಗ ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳಬೇಕೆಂದೂ ನಿಯಮ ಹೇಳಿತು. 1998ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ 137 ಕಟ್ಟಡಗಳಿದ್ದವು. ಅರಮನೆಗಳು, ನ್ಯಾಯಾಲಯ ಮತ್ತು ಆಸ್ಪತ್ರೆಗಳಂಥ ಸಾರ್ವಜನಿಕ ಕಟ್ಟಡಗಳು, ಚರ್ಚುಗಳು, ಶಾಲಾ ಕಾಲೇಜುಗಳು ಮತ್ತು ಶ್ರೀಮಂತ ಮನೆತನಗಳ ದೇವಡಿಗಳು ಅದರಲ್ಲಿ ಪ್ರಮುಖವಾಗಿದ್ದವು. ದೇವಡಿಯೆಂದರೆ ಎತ್ತರದ ಗೋಡೆ, ಹೆಬ್ಬಾಗಿಲು, ಒಳ ಅಂಗಳಗಳು, ಗಂಡಸರ ಮತ್ತು ಹೆಂಗಸರ ಪ್ರತ್ಯೇಕ ಭಾಗಗಳುಳ್ಳ ಹೈದರಾಬಾದಿನ ನವಾಬ–ಜಾಗೀರ್ದಾರರ ವಾಸದ ಸಮುಚ್ಚಯ.

ಹೈದರಾಬಾದ್ ಇಷ್ಟಕ್ಕೇ ನಿಲ್ಲದೆ, ಪಟ್ಟಿಯ ಇತಿಹಾಸದಲ್ಲಿ ಬಹಳ ಸ್ವಂತಿಕೆಯ ಒಂದು ಕೆಲಸವನ್ನು ಮಾಡಿತು: ಬಂಡೆಗಳನ್ನು ಪಟ್ಟಿಗೆ ಸೇರಿಸಿತು. ನಗರವು ನಿಂತಿರುವುದು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ನೆಲದ ಮೇಲೆ. ಗಾಳಿ, ನೀರು, ಬಿಸಿಲುಗಳಿಂದ ಸವೆದು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಗುಂಡುಗಳು ಕಲ್ಲುಗಣಿಗೂ ಬಡಾವಣೆಗಳಿಗೂ ಬಲಿಯಾಗುತ್ತಿದ್ದುದನ್ನು ಕಂಡ ನಾಗರಿಕರು 1996ರಲ್ಲಿ ಬಂಡೆಗಳ ರಕ್ಷಣೆಗೆ ಸಂಘವೊಂದನ್ನು ಕಟ್ಟಿದರು. ಅವರ ಒತ್ತಾಯದ ಫಲವಾಗಿ ಒಂಬತ್ತು ಶಿಲಾರಚನೆಗಳಿಗೆ ಅದೇ 13ನೆಯ ನಿಯಮದ ರಕ್ಷಣೆ ದೊರೆಯಿತು. ಅವುಗಳಲ್ಲಿ ಒಂದು, ಮಲ್ಕಾಜ್‌ಗಿರಿಗೆ ಸೇರಿದ ಮೌಲಾ ಅಲಿ ಗುಡ್ಡದ ಬಳಿಯ ಬಂಡೆ.

ಪರಂಪರೆ ಎಂಬುದು ಎಷ್ಟು ಪದರಗಳಲ್ಲಿ ಕೂಡಿಕೊಂಡಿರುತ್ತದೆ ಎನ್ನುವುದಕ್ಕೆ ಮೌಲಾ ಅಲಿಗಿಂತ ಒಳ್ಳೆಯ ನಿದರ್ಶನ ಆ ನಗರದಲ್ಲಿ ಸಿಗುವುದು ಕಷ್ಟ. ಗುಡ್ಡದ ಆಸುಪಾಸಿನಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳು 20ನೆಯ ಶತಮಾನದ ಮೊದಲ ದಶಕಗಳಲ್ಲಿ ಬೆಳಕಿಗೆ ಬಂದವು. ನೆತ್ತಿಯ ಮೇಲಿನ ದರ್ಗಾದ ಉಗಮವನ್ನು ಕುತುಬ್ ಶಾಹಿ ಅರಸ ಇಬ್ರಾಹಿಂ ಕುಲಿಯ ಕಾಲಕ್ಕೆ ಹೇಳುತ್ತಾರೆ: ಆಸ್ಥಾನದ ಯಾಕೂತ್ ಎಂಬಾತ 1578ರಲ್ಲಿ ಕನಸು ಕಂಡು, ಎಚ್ಚರಗೊಂಡು ಗುಡ್ಡವೇರಿದಾಗ ಬಂಡೆಯ ಮೇಲೆ ಹಜರತ್ ಅಲಿಯವರ ಹಸ್ತದ ಗುರುತನ್ನು ನೋಡಿದನೆಂದು ಐತಿಹ್ಯ. ಅಸಫ್ ಜಾಹಿಗಳ ಕಾಲದಲ್ಲಿ ರಜಬ್ ತಿಂಗಳ ಉರುಸಿಗೆ ನಿಜಾಮರೂ ಸರದಾರರೂ ಪರಿವಾರಸಮೇತ ಬಂದು ಬಿಡಾರ ಹೂಡುತ್ತಿದ್ದುದರಿಂದ ಗುಡ್ಡದ ಬುಡದಲ್ಲಿ ತೋಟಮನೆಗಳೂ ಕಮಾನುಗಳೂ ಎದ್ದವು. ಮೌಲಾ ಅಲಿ ಕಮಾನ್ ಎಂಬ ಹೆಬ್ಬಾಗಿಲು ಅವುಗಳ ಪೈಕಿ ಹೆಚ್ಚು ಪರಿಚಿತವಾದದ್ದು. ಪಕ್ಕದ ಗುಡ್ಡದ ಮೇಲೆ ಕದಮ್‌ಎ‌ರಸೂಲ್ ಎಂಬ ಯಾತ್ರಾಸ್ಥಳವಿದೆ.

ಗುಡ್ಡದ ಬುಡದಲ್ಲಿಯೇ ಮಹ್ ಲಕಾ ಬಾಯಿಯ ಸಮಾಧಿ ಆವರಣವಿದೆ. 1768ರಲ್ಲಿ ಹುಟ್ಟಿ 1824ರಲ್ಲಿ ತೀರಿಕೊಂಡ ಆಕೆ ಉರ್ದು ಕವಯಿತ್ರಿ, ನರ್ತಕಿ, ನಿಜಾಮರ ಆಸ್ಥಾನದಲ್ಲಿ ಜಾಗೀರು ಪಡೆದ ಪ್ರಭಾವಶಾಲಿ ಮಹಿಳೆ. ಚಂದಾ ಎಂಬ ಕಾವ್ಯನಾಮದಿಂದ ಬರೆದ ಆಕೆಯ ಕವನ ಸಂಕಲನವು ಉರ್ದುವಿನಲ್ಲಿ ಮಹಿಳೆಯರ ದಿವಾನುಗಳಲ್ಲಿ, ಎಂದರೆ ಕವನ ಸಂಕಲನಗಳಲ್ಲಿ, ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತದೆ. ಉಸ್ಮಾನಿಯಾ ವಿಶ್ವವಿದ್ಯಾಲಯ ನಿಂತಿರುವ ಅಡಿಕ್‌ಮೆಟ್ ಪ್ರದೇಶವೂ ಆಕೆಯ ಜಾಗೀರಿಗೆ ಸೇರಿತ್ತು. ತಾಯಿ ರಾಜ್ ಕನ್ವರಳ ಸಮಾಧಿಯ ಸುತ್ತ ಆಕೆ 1792ರಲ್ಲಿ ಕಟ್ಟಿಸಿದ ಗೋಡೆಯೊಳಗಿನ ತೋಟದಲ್ಲೇ ಆಕೆಯನ್ನೂ ಹೂಳಲಾಯಿತು. ಹಾಳುಬಿದ್ದಿದ್ದ ಈ ಆವರಣವನ್ನು ಅಮೆರಿಕ ಸರ್ಕಾರದ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ನೆರವಿನಿಂದ ಜೀರ್ಣೋದ್ಧಾರ ಮಾಡಿ 2011ರಲ್ಲಿ ಮತ್ತೆ ತೆರೆಯಲಾಯಿತು. ಕಾನೂನಿನ ರಕ್ಷಣೆ ಒಂದು, ದುರಸ್ತಿಯ ಹಣ ಇನ್ನೊಂದು. ಇಲ್ಲಿ ಎರಡನೆಯದು ಬಂದದ್ದು ಪಟ್ಟಿಯ ಮೂಲಕವಲ್ಲ.

ಗುಡ್ಡದಿಂದ ಕೆಳಗಿಳಿದು ಮಲ್ಕಾಜ್‌ಗಿರಿಯ ವಾಸದ ಬೀದಿಗಳಿಗೆ ಬಂದರೆ ಪ್ರಶ್ನೆ ಬೇರೆಯಾಗುತ್ತದೆ. ಸಿಕಂದರಾಬಾದಿನ ದಂಡುಪ್ರದೇಶ, 19ನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಲಾಲಾಗೂಡದ ರೈಲ್ವೆ ಕಾರ್ಯಾಗಾರ, ಆಮೇಲೆ ಬಂದ ಸಾರ್ವಜನಿಕ ವಲಯದ ಕಾರ್ಖಾನೆಗಳು, ಇವುಗಳ ನೌಕರರು ನೆಲೆಸಿದ ಊರು ಇದು. ಇಂಥ ಬಡಾವಣೆಗಳ ಹಳೆಯ ಮನೆಗಳು ಹೆಂಚಿನ ಮಾಡು, ಮುಂಭಾಗದ ವರಾಂಡ, ಬಾವಿ ಮತ್ತು ಬೇವಿನ ಮರಗಳಿರುವ ಸಾಧಾರಣ ಕಟ್ಟಡಗಳು. ಒಂದೊಂದಾಗಿ ತೆಗೆದುಕೊಂಡರೆ ಯಾವುದೂ ಅರಮನೆಯ ಪಕ್ಕದಲ್ಲಿ ನಿಲ್ಲುವಂಥದಲ್ಲ, ಆದರೆ ಒಟ್ಟಾಗಿ ಅವು ರೈಲ್ವೆ ಮತ್ತು ದಂಡಿನ ಊರೊಂದರ ಸಾಮಾಜಿಕ ಚರಿತ್ರೆಯನ್ನು ಹೇಳುತ್ತವೆ. ಬಿಡಿ ಕಟ್ಟಡಗಳ ಪಟ್ಟಿಗೆ ಇವು ಸುಲಭವಾಗಿ ಸಿಗುವುದಿಲ್ಲ. ಪಾರಂಪರಿಕ ಪ್ರದೇಶ ಎಂಬ ವರ್ಗವಿರುವುದು ಇಂಥವುಗಳಿಗಾಗಿಯೇ. ಆದರೆ ಅಧಿಕಾರಿಗಳು ಸಾಮಾನ್ಯವಾಗಿ ಬಿಡಿ ಕಟ್ಟಡವನ್ನು ಸೇರಿಸಲು ತೋರುವ ಉತ್ಸಾಹವನ್ನು ಇಡೀ ಬೀದಿಯನ್ನು ಸೇರಿಸಲು ತೋರುವುದಿಲ್ಲ, ಏಕೆಂದರೆ ಬೀದಿಯಲ್ಲಿ ಮಾಲೀಕರು ಹಲವರು.

ಮಾಲೀಕರ ಆಕ್ಷೇಪಕ್ಕೆ ಕಾರಣವಿಲ್ಲದಿಲ್ಲ. ಹಳೆಯ ಮನೆಯ ಬೆಲೆ ಗೋಡೆಯಲ್ಲಿಲ್ಲ, ನಿವೇಶನದಲ್ಲಿದೆ. ಬಿಲ್ಡರಿಗೆ ಜಾಗವನ್ನು ಡೆವಲಪ್‌ಮೆಂಟಿಗೆ ಕೊಟ್ಟರೆ, ಎಂದರೆ ಆತ ತನ್ನ ಖರ್ಚಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟಿ ಮಾಲೀಕನಿಗೆ ಫ್ಲ್ಯಾಟುಗಳಲ್ಲಿ ಪಾಲು ಕೊಡುವ ಒಪ್ಪಂದ ಮಾಡಿಕೊಂಡರೆ, ಅಣ್ಣತಮ್ಮಂದಿರ ಹಂಚಿಕೆಯೂ ಅದರಲ್ಲೇ ಮುಗಿಯುತ್ತದೆ. ಪಟ್ಟಿಯು ಈ ದಾರಿಯನ್ನು ಮುಚ್ಚುತ್ತದೆ. ಹಳೆಯ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಕೆಡುತ್ತದೆಯಾದ್ದರಿಂದ ದುರಸ್ತಿಗೆ ಸುಣ್ಣವೇ ಬೇಕು, ಆ ಕೆಲಸ ಬಲ್ಲ ಗಾರೆಯವರು ವಿರಳ, ಖರ್ಚೂ ಹೆಚ್ಚು. ಇದಕ್ಕೆ ಪರಿಹಾರವಾಗಿ ರೂಪಿಸಿದ್ದು ಅಭಿವೃದ್ಧಿ ಹಕ್ಕಿನ ವರ್ಗಾವಣೆ, ರೂಢಿಯಲ್ಲಿ ಟಿಡಿಆರ್: ತನ್ನ ನಿವೇಶನದಲ್ಲಿ ಕಟ್ಟಲಾಗದೆ ಉಳಿದ ವಿಸ್ತೀರ್ಣದ ಹಕ್ಕನ್ನು ಮಾಲೀಕನು ಪ್ರಮಾಣಪತ್ರದ ರೂಪದಲ್ಲಿ ಪಡೆದು, ನಗರದ ಬೇರೆಡೆ ಕಟ್ಟುವವರಿಗೆ ಮಾರಬಹುದು. ಈ ಪ್ರಮಾಣಪತ್ರಕ್ಕೆ ಬೆಲೆ ಬರಬೇಕಾದರೆ ಬೇರೆಡೆ ಕಟ್ಟುವವನಿಗೆ ಅದು ಅಗತ್ಯವಾಗಿರಬೇಕು. ಕಟ್ಟಡದ ಎತ್ತರಕ್ಕೂ ವಿಸ್ತೀರ್ಣಕ್ಕೂ ಕಟ್ಟುನಿಟ್ಟಾದ ಮಿತಿಯೇ ಇಲ್ಲದ ಕಡೆ ಅದನ್ನು ಕೊಳ್ಳುವವರು ಇರುವುದಿಲ್ಲ. ಇನ್‌ಟ್ಯಾಕ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆಯ ಹೈದರಾಬಾದ್ ಶಾಖೆಯು ಮನೆಗಳನ್ನು ಚೆನ್ನಾಗಿ ಉಳಿಸಿಕೊಂಡ ಮಾಲೀಕರಿಗೆ ಪ್ರಶಸ್ತಿಗಳನ್ನು ನೀಡುತ್ತ ಬಂದಿದೆ. ಅದು ಗೌರವ, ಕಾನೂನಿನ ಬಲವುಳ್ಳದ್ದಲ್ಲ.

ಪಟ್ಟಿಯು ಯೋಜನಾ ನಿಯಮದ ಒಂದು ಭಾಗವಾಗಿದ್ದುದರಿಂದಲೇ ಅದು ಸಾಧಾರಣ ಕಟ್ಟಡಗಳ ತನಕ ಕೈಚಾಚಲು ಸಾಧ್ಯವಾಯಿತು. ಅದೇ ಕಾರಣಕ್ಕೆ ಸರ್ಕಾರಿ ಆದೇಶದಿಂದ ಕಳಚಿಹೋಗುವುದೂ ಸಾಧ್ಯವಾಯಿತು. ಹಳೆಯ ನಗರದ ಮಾಲ್ವಾಲಾ ಅರಮನೆ ಪಟ್ಟಿಯಿಂದ ಹೊರಬಿದ್ದ ಮೇಲೆ ಬಹುಪಾಲು ನೆಲಸಮವಾಯಿತು. 2015ರ ಡಿಸೆಂಬರಿನಲ್ಲಿ ತೆಲಂಗಾಣ ಸರ್ಕಾರವು 13ನೆಯ ನಿಯಮವನ್ನೇ ತೆಗೆದುಹಾಕಿತು. 2017ರಲ್ಲಿ ಬಂದ ತೆಲಂಗಾಣ ಪರಂಪರೆ ಅಧಿನಿಯಮವು 1960ರ ಕಾನೂನಿನ ಸ್ಥಾನದಲ್ಲಿ ನಿಂತು, ರಾಜ್ಯಮಟ್ಟದ ಪ್ರಾಧಿಕಾರ ಮತ್ತು ಜಿಲ್ಲಾ ಸಮಿತಿಗಳ ವ್ಯವಸ್ಥೆಯನ್ನು ಕಲ್ಪಿಸಿತಾದರೂ, ಹಳೆಯ ಪಟ್ಟಿಯ ಎಲ್ಲ ಕಟ್ಟಡಗಳೂ ಅದರ ಅನುಬಂಧದಲ್ಲಿ ಸ್ಥಾನ ಪಡೆಯಲಿಲ್ಲ.

ಈ ಬಿರುಕಿನಲ್ಲಿ ಸಿಕ್ಕಿಕೊಂಡದ್ದು ನವಾಬ ಫಖ್ರುಲ್ ಮುಲ್ಕ್ 19ನೆಯ ಶತಮಾನದಲ್ಲಿ ನಗರದ ಬೇರೊಂದು ಗುಡ್ಡದ ಮೇಲೆ ಕಟ್ಟಿಸಿದ ಇರ್ರಂ ಮಂಜಿಲ್ ಅರಮನೆ. 2019ರ ಜೂನ್ 18ರಂದು ರಾಜ್ಯದ ಸಚಿವ ಸಂಪುಟವು ಅದನ್ನು ಕೆಡವಿ ಅಲ್ಲಿ ಹೊಸ ವಿಧಾನಸಭಾ ಭವನ ಕಟ್ಟಲು ತೀರ್ಮಾನಿಸಿತು. ಕಟ್ಟಡ ಈಗ ಪಟ್ಟಿಯಲ್ಲಿಲ್ಲವೆಂಬುದು ಸರ್ಕಾರದ ವಾದ. ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳನ್ನು ಆಲಿಸಿದ ತೆಲಂಗಾಣ ಹೈಕೋರ್ಟು, ಕಟ್ಟಡಕ್ಕಿರುವ ಕಾನೂನಿನ ರಕ್ಷಣೆಯನ್ನು ಸಂಪುಟ ಕಡೆಗಣಿಸಿದೆಯೆಂದು ಹೇಳಿ, ಸೆಪ್ಟೆಂಬರ್ 16ರಂದು ಆ ತೀರ್ಮಾನವನ್ನು ರದ್ದುಗೊಳಿಸಿತು. ವಾಸ್ತುಶಿಲ್ಪಿ ವಿನ್ಸೆಂಟ್ ಎಷ್ ವಿನ್ಯಾಸಗೊಳಿಸಿದ, ಮೂಸಿ ನದಿಯ ದಂಡೆಯ ಉಸ್ಮಾನಿಯಾ ಆಸ್ಪತ್ರೆಯ ಕಟ್ಟಡವನ್ನು ಕೆಡವುವ ಪ್ರಸ್ತಾಪವೂ ವರ್ಷಗಟ್ಟಲೆ ವಿವಾದದಲ್ಲಿತ್ತು. ಕೊನೆಗೆ ಹೊಸ ಆಸ್ಪತ್ರೆಗೆ ಗೋಶಾಮಹಲಿನಲ್ಲಿ ಜಾಗ ಗೊತ್ತುಮಾಡಿ 2025ರ ಜನವರಿಯಲ್ಲಿ ಶಂಕುಸ್ಥಾಪನೆ ಮಾಡಲಾಯಿತು.

ಪಟ್ಟಿಯಲ್ಲಿ ಉಳಿದ ಮಾತ್ರಕ್ಕೆ ಕಟ್ಟಡ ಉಳಿಯುವುದಿಲ್ಲವೆಂಬುದಕ್ಕೆ ಮೈಸೂರಿನ ಉದಾಹರಣೆ ಕನ್ನಡಿಗರಿಗೆ ಹತ್ತಿರದ್ದು. ಅಲ್ಲಿಯ ಪಾರಂಪರಿಕ ಕಟ್ಟಡಗಳೆಂದು ಗುರುತಾಗಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿದ್ದಿತು. ಆ ಬಳಿಕ ನಡೆದ ಚರ್ಚೆಯೆಲ್ಲ ಕೆಡವಿ ಕಟ್ಟಬೇಕೇ, ದುರಸ್ತಿ ಮಾಡಬೇಕೇ ಎಂಬುದರ ಸುತ್ತಲೇ ತಿರುಗಿತು. ಎರಡೂ ಸಾರ್ವಜನಿಕ ಸ್ವತ್ತುಗಳು. ಮಾಲೀಕತ್ವ ಸರ್ಕಾರದ್ದಾಗಿದ್ದರೂ ವಾರ್ಷಿಕ ದುರಸ್ತಿಗೆ ಅನುದಾನ ಕಾದಿರಿಸದಿದ್ದಾಗ ಹೀಗಾಗುವುದಾದರೆ, ಖಾಸಗಿ ಮನೆಯ ಮಾಲೀಕನಿಗೆ ಕರ್ತವ್ಯವನ್ನು ಮಾತ್ರ ಹೇರಿ ನೆರವು ನೀಡದ ಪಟ್ಟಿಯಿಂದ ಹೆಚ್ಚೇನನ್ನೂ ನಿರೀಕ್ಷಿಸಲಾಗದು.

ಮಲ್ಕಾಜ್‌ಗಿರಿಯಂಥ ಊರಿನಲ್ಲಿ ಹೊಸ ಹೆಸರೊಂದನ್ನು ಸೂಚಿಸಬೇಕಾದರೆ ಕಟ್ಟಿದ ಕಾಲ, ಕಟ್ಟಿಸಿದವರು, ಬಳಸಿದ ಸಾಮಗ್ರಿ, ಮೂಲ ನಕ್ಷೆ, ನಂತರದ ಮಾರ್ಪಾಡುಗಳು, ಊರಿನ ಚರಿತ್ರೆಯೊಂದಿಗೆ ಕಟ್ಟಡಕ್ಕಿರುವ ಸಂಬಂಧ ಇವುಗಳ ದಾಖಲೆ ಮೊದಲು ಸಿದ್ಧವಾಗಬೇಕು. ಅರಮನೆಗಳಿಗೆ ಇಂಥ ದಾಖಲೆ ಗ್ರಂಥಗಳಲ್ಲಿ ಸಿಗುತ್ತದೆ. ರೈಲ್ವೆ ನೌಕರನ ಹೆಂಚಿನ ಮನೆಗಾದರೆ ಕ್ರಯಪತ್ರ, ಪುರಸಭೆಯ ತೆರಿಗೆ ರಸೀದಿ, ಮನೆಯವರಲ್ಲಿ ಉಳಿದ ಮದುವೆಯ ಫೋಟೋಗಳ ಹಿನ್ನೆಲೆಯಲ್ಲಿ ಕಾಣುವ ಕಂಬ–ಕಿಟಕಿಗಳಿಂದ ಅದನ್ನು ಕಲೆಹಾಕಬೇಕಾಗುತ್ತದೆ, ಅದೂ ಮನೆಯನ್ನು ಬಿಲ್ಡರಿಗೆ ಒಪ್ಪಿಸುವ ಮುನ್ನ.