ಕಾಪಿನ ಕಾಡು, ಕಾಲದ ಮಳೆ

(ಬಾನುಲಿ ಭಾಷಣ)

ಕನ್ನಡದಲ್ಲಿ ಕಾಡಿನ ಹೆಸರುಗಳಿಗೆ ಬರವಿಲ್ಲ. ಅಡವಿ, ಕಾನು, ಬನ, ಮಲೆ, ಅರಣ್ಯ, ವಿಪಿನ ಎಂದು ನಮ್ಮ ನಿಘಂಟು ಉದ್ದಕ್ಕೂ ಹಸುರಾಗಿದೆ. 'ಕಾಡು' ಎಂಬುದನ್ನು ಕ್ರಿಯಾಪದವಾಗಿ ಬಳಸಿದರೆ ಪೀಡಿಸು ಎಂಬ ಅರ್ಥ ಬರುತ್ತದೆ. 'ಕಾ' ಎಂಬ ಧಾತುವಿಗಾದರೋ ರಕ್ಷಿಸು ಎಂಬುದು ಅರ್ಥ. ಈ ಎರಡಕ್ಕೂ ನಂಟನ್ನು ಕಲ್ಪಿಸುವ ಸಾಹಸ ನನ್ನದಲ್ಲ. ಆದರೆ ನಮ್ಮ ನಾಡಿನವರು ಕಾಡನ್ನು ಕಂಡ ಬಗೆಯಲ್ಲಿ ಇವೆರಡು ಭಾವಗಳೂ ಜೊತೆಜೊತೆಯಾಗಿಯೇ ಬಂದಿವೆ. ಅದು ನಮ್ಮನ್ನು ಕಾಡುವ ಸ್ಥಳ, ಕಾಯುವ ಸ್ಥಳವೂ ಹೌದು.

ಇದಕ್ಕೆ ಹೋಲಿಸಿದರೆ 'ರಾಷ್ಟ್ರೀಯ ಉದ್ಯಾನ' ಎಂಬುದು ಹೊಸ ಮಾತು. ಉದ್ಯಾನವೆಂದರೆ ನಮ್ಮ ಹಳೆಯ ಕಾವ್ಯಗಳಲ್ಲಿ ಅರಸರ ವಿಹಾರಸ್ಥಾನ. ಅಲ್ಲಿ ಮಾವು ಮಲ್ಲಿಗೆಗಳಿವೆ, ಕೋಗಿಲೆಯಿದೆ, ಹುಲಿಯಿಲ್ಲ. 1872ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳು ಯೆಲ್ಲೊಸ್ಟೋನ್ ಎಂಬ ಪ್ರದೇಶವನ್ನು ಈ ಹೆಸರಿನಿಂದ ಕಾಪಾಡಲು ತೊಡಗಿದ ಮೇಲೆ ಆ ಹೆಸರು ಲೋಕವನ್ನೆಲ್ಲ ಸುತ್ತಿತು. ಭಾರತದಲ್ಲಿ 1936ರಲ್ಲಿ ಹಿಮಾಲಯದ ತಪ್ಪಲಿನ ಹೇಲಿ ಉದ್ಯಾನ, ಈಗಿನ ಕಾರ್ಬೆಟ್, ಮೊದಲನೆಯದಾಯಿತು. ಹೆಸರು ಹೊರಗಿನದಾದರೂ ಹೆಸರಿಟ್ಟ ಕಾಡುಗಳಿಗೆ ತಮ್ಮದೇ ಆದ ಪೂರ್ವಚರಿತ್ರೆಯಿತ್ತು. ಅಂಥ ಒಂದು ಕಾಡಿನ, ನಮ್ಮ ಬಂಡೀಪುರ ಮತ್ತು ಅದಕ್ಕೆ ತಗುಲಿಕೊಂಡ ಕಾಕನಕೋಟೆ ಸೀಮೆಯ, ಚರಿತ್ರೆಯನ್ನು ಕೊಂಚ ನೋಡೋಣ. ಏಕೆಂದರೆ ಹವಾಮಾನವೇ ಬದಲಾಗುತ್ತಿರುವ ಈ ಕಾಲದಲ್ಲಿ ಕಾಡನ್ನು ಹೇಗೆ ಉಳಿಸಿಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರದ ಸುಳಿವು ಆ ಚರಿತ್ರೆಯಲ್ಲಿದೆಯೆಂದು ನನ್ನ ನಂಬಿಕೆ.

ಮೊದಲು ಕಾಡು ಬೇಟೆಯ ನೆಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವನ್ನು ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಬಲ್ಲರು. ತಕ್ಕೋಲದ ಕಾಳಗದ ಬಳಿಕ ಗಂಗರ ಬೂತುಗನಿಂದ ಮಣಲೆರನು ಕಾಳಿ ಎಂಬ ಬೇಟೆನಾಯನ್ನು ಬೇಡಿ ಪಡೆದ. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಮಡಿದವು. ನಾಯಿಗೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟರು. ನಾನು ಈ ಶಾಸನವನ್ನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ಹುಡುಗರು ನಾಯಿಯ ನಿಷ್ಠೆಗೆ ಮರುಗುತ್ತಿದ್ದರು. ಹಂದಿಯ ಕಡೆಯಿಂದ ಯೋಚಿಸಿದವರು ಅಪರೂಪ. ಕಾಡು ಅಕ್ಷಯವಾಗಿದ್ದ ಕಾಲದಲ್ಲಿ ಹಾಗೆ ಯೋಚಿಸುವ ಅಗತ್ಯವೂ ಇರಲಿಲ್ಲ. ಹುಲಿಯೊಡನೆ ಕಾದಿ ಸತ್ತವರಿಗೆ ನಮ್ಮ ಹಳ್ಳಿಗಳು ವೀರಗಲ್ಲು ನೆಟ್ಟವು; ಹುಲಿಯನ್ನು ಉಳಿಸಬೇಕಾದ ದಿನ ಬಂದೀತೆಂದು ಆ ಕಲ್ಲುಕುಟಿಗರು ಕನಸಿನಲ್ಲಿಯೂ ಎಣಿಸಿರಲಾರರು.

ಎರಡನೆಯ ಘಟ್ಟದಲ್ಲಿ ಕಾಡು ಸರ್ಕಾರದ ಬೊಕ್ಕಸವಾಯಿತು. 1864ರಲ್ಲಿ ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಹುಟ್ಟಿತು. ತೇಗ, ಬೀಟೆ, ಹೊನ್ನೆ, ಶ್ರೀಗಂಧಗಳಿಗೆ ಲೆಕ್ಕ ಬಂತು. ಕಾಡಿಗೆ ಗಡಿಕಲ್ಲು ಬಂತು. ಆನೆಗೂ ಬೆಲೆ ಬಂತು. ಸಂಸ್ಥಾನದ ಸೇವೆಯಲ್ಲಿದ್ದ ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ರಚಿಸಿ ಕಾಡಾನೆಗಳ ಹಿಂಡನ್ನೇ ಹಿಡಿದ. ಅದಕ್ಕೆ ಒಂದು ಶತಮಾನದ ಹಿಂದೆ ಹೈದರನು ಕಾಕನಕೋಟೆಯ ಕಾಡಿನಲ್ಲಿ ಇದೇ ಯತ್ನ ಮಾಡಿ ಸೋತು, ಮುಂದೆ ಯತ್ನಿಸುವವರಿಗೆ ಶಾಪವನ್ನು ಕಲ್ಲಿನಲ್ಲಿ ಬರೆಸಿದ್ದನೆಂದು ಸ್ಯಾಂಡರ್ಸನ್ ತನ್ನ 1878ರ ಪುಸ್ತಕದಲ್ಲಿ ಹೇಳುತ್ತಾನೆ. ಶಾಪ ತಟ್ಟಲಿಲ್ಲ. ಕಬಿನಿಯ ದಡದ ಖೆಡ್ಡಾಗಳು ಅರಸೊತ್ತಿಗೆಯ ವೈಭವವಾಗಿ ಮೆರೆದು, 1971ರಲ್ಲಿ ಕೊನೆಯದು ನಡೆಯಿತು.

ಕಾಡನ್ನು ಕಾಯುವುದಕ್ಕೂ ಮಳೆಗೂ ಇರುವ ಸಂಬಂಧದ ಮಾತು ಇಂದಿನದಲ್ಲ. 1800ರಲ್ಲಿ ಹಂಬೋಲ್ಟ್ ಎಂಬ ವಿದ್ವಾಂಸ ವೆನೆಜುವೆಲದ ಒಂದು ಸರೋವರದ ನೀರು ತಗ್ಗುತ್ತಿರುವುದನ್ನು ಕಂಡು, ಸುತ್ತಲ ಕಾಡು ಕಡಿದುದೇ ಕಾರಣವೆಂದು ತರ್ಕಿಸಿದ. ಮದರಾಸಿನಲ್ಲಿ ಹುಟ್ಟಿದ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ಶಿವಮೊಗ್ಗದ ಸೀಮೆಯಲ್ಲಿ ಕೆಲಸ ಮಾಡಿದವನು. ನಮ್ಮ ಮಲೆನಾಡಿನ ಮರಗಳು ಉರುಳುವುದನ್ನು ಕಣ್ಣಾರೆ ಕಂಡವನು. ಉಷ್ಣವಲಯದ ಕಾಡುಗಳ ನಾಶದಿಂದ ಆಗಬಹುದಾದ ಪರಿಣಾಮಗಳನ್ನು ಕುರಿತು 1851ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಸಭೆಗೆ ಒಂದು ಸಮಿತಿ ವರದಿಯೊಪ್ಪಿಸಿತಷ್ಟೆ. ಅದರ ಹಿಂದಿನ ಮುಖ್ಯ ವ್ಯಕ್ತಿ ಈತನೇ. ಅಂದಿನ ಆ ಚರ್ಚೆ ಮುಂದೆ ಅರಣ್ಯ ಕಾನೂನುಗಳಿಗೆ ಒಂದು ಆಧಾರವಾಯಿತು. ಆದರೆ ಅದೇ ಕಾನೂನುಗಳ ನೆರಳಿನಲ್ಲಿ ರೈಲಿನ ಹಳಿಗಳಿಗೆ ಅಡ್ಡದಿಮ್ಮಿಗಳೂ ಕಾಡಿನಿಂದಲೇ ಹೋದವು. ಮಳೆಯ ಹೆಸರಿನಲ್ಲಿ ಕಾದ ಕಾಡನ್ನು ಮರದ ಲೆಕ್ಕದಲ್ಲಿ ಕಡಿದರು. ಈ ಇಬ್ಬಂದಿತನವನ್ನು ನಾವು ಇಂದಿಗೂ ಪೂರ್ತಿಯಾಗಿ ಕಳಚಿಕೊಂಡಿಲ್ಲ.

ಮೂರನೆಯ ಘಟ್ಟ ಅಭಯಾರಣ್ಯದ್ದು. 1931ರಲ್ಲಿ ಮೈಸೂರು ಅರಸರು ಬಂಡೀಪುರದಲ್ಲಿ ಸುಮಾರು 90 ಚದರ ಕಿಲೋಮೀಟರಿನಷ್ಟು ಕಾಡನ್ನು ವನ್ಯಮೃಗಗಳಿಗೆಂದು ಮೀಸಲಿಟ್ಟರು. 1941ರಲ್ಲಿ ಅದನ್ನು ಸುಮಾರು 800 ಚದರ ಕಿಲೋಮೀಟರಿಗೆ ಹಿಗ್ಗಿಸಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಿಂದ ವೇಣುಗೋಪಾಲ ವನ್ಯಮೃಗ ಉದ್ಯಾನವೆಂದು ಕರೆದರು. ಬೇಟೆಯಾಡುವವರೇ ಬೇಟೆಯನ್ನು ನಿಲ್ಲಿಸಿದ್ದು ಇಲ್ಲಿನ ವಿಶೇಷ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾನೂನು ಬಂತು. ಆ ವರ್ಷದ ಗಣತಿಯಲ್ಲಿ ದೇಶದಲ್ಲಿ ಉಳಿದಿದ್ದ ಹುಲಿಗಳು ಸುಮಾರು 1,800 ಮಾತ್ರ. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಪ್ರಾರಂಭವಾದಾಗ ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಈಗ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 874 ಚದರ ಕಿಲೋಮೀಟರು. 2022ರ ಅಂದಾಜಿನಂತೆ ದೇಶದಲ್ಲಿ 3,682 ಹುಲಿಗಳು; ಕರ್ನಾಟಕದಲ್ಲಿ 563; ಬಂಡೀಪುರದಲ್ಲಿ 150, ಅದರ ನೆರೆಯ ನಾಗರಹೊಳೆಯಲ್ಲಿ 141. ಒಂದು ರಾಷ್ಟ್ರ ಮನಸ್ಸು ಮಾಡಿ ಸಾಧಿಸಿದ ಕೆಲಸಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದ್ದೇ ಇದೆ.

ಆದರೆ ಈ ಮೂರು ಘಟ್ಟಗಳಲ್ಲಿಯೂ ಒಂದು ಸಮಾನವಾದ ಊಹೆಯಿದೆ. ಅರಸನಾಗಲಿ, ಇಲಾಖೆಯಾಗಲಿ, ಹುಲಿ ಯೋಜನೆಯಾಗಲಿ, ನಕ್ಷೆಯ ಮೇಲೆ ಗೆರೆ ಎಳೆದಾಗ ಗೆರೆಯೊಳಗಿನ ಕಾಡು ಇದ್ದಂತೆಯೇ ಇರುವುದೆಂದು ನಂಬಿದರು. ಮನುಷ್ಯ ಒಳನುಗ್ಗದಿದ್ದರೆ ಸಾಕು, ಉಳಿದುದನ್ನು ಮಳೆಬಿಸಿಲುಗಳು ನೋಡಿಕೊಳ್ಳುವುವು ಎಂಬುದು ಆ ನಂಬಿಕೆ. ಈಗ ಆ ಮಳೆಬಿಸಿಲುಗಳೇ ಮಾತು ತಪ್ಪುತ್ತಿವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2011ರಿಂದ 2020ರವರೆಗಿನ ದಶಕದಲ್ಲಿ ಭೂಮಿಯ ಮೇಲ್ಮೈ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿತ್ತು. ಬಿಸಿಯಾದ ಗಾಳಿ ಹೆಚ್ಚು ಆವಿಯನ್ನು ಹಿಡಿಯುತ್ತದೆ. ಆದುದರಿಂದ ಬಂದ ಮಳೆ ಒಮ್ಮೆಲೇ ಸುರಿಯುತ್ತದೆ, ಬಾರದ ದಿನಗಳು ನೀಳವಾಗುತ್ತವೆ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು; 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು; 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಜರಿದು ಊರುಗಳು ಹೂತುಹೋದವು. ಇವೆಲ್ಲವೂ ಒಂದೇ ಬೆಟ್ಟಸಾಲಿನ ಸುತ್ತಮುತ್ತ, ಆರು ವರ್ಷಗಳೊಳಗೆ.

ಬಂಡೀಪುರವು ಮಳೆಯ ಮರೆಯಲ್ಲಿರುವ ಕಾಡು. ಪಶ್ಚಿಮ ಘಟ್ಟಗಳು ಮುಂಗಾರಿನ ಬಹುಪಾಲನ್ನು ತಾವೇ ಹೀರಿ, ಮಿಕ್ಕುದನ್ನು ಇತ್ತ ಕಳಿಸುತ್ತವೆ. ಬೇಸಗೆಯಲ್ಲಿ ಇಲ್ಲಿನ ಮರಗಳು ಎಲೆಯುದುರಿಸಿ ಬರಿಗೊಂಬೆಗಳಾಗಿ ನಿಲ್ಲುವುದು ಸಾವಲ್ಲ, ನೀರುಳಿಸುವ ಜಾಣತನ. ಬೇಸಗೆ ಬಂದಾಗ ಆನೆಗಳು ಬಂಡೀಪುರ, ಮುದುಮಲೆ, ವಯನಾಡುಗಳಿಂದ ಹೊರಟು ಕಬಿನಿಯ ಹಿನ್ನೀರಿನತ್ತ ಬರುತ್ತವೆ. ಆ ಹಿನ್ನೀರಾದರೂ 1974ರಲ್ಲಿ ಮುಗಿದ ಅಣೆಕಟ್ಟಿನ ಫಲ. ಹಳೆಯ ಕಾಕನಕೋಟೆಯ ಕಾಡನ್ನೂ ಖೆಡ್ಡಾದ ನೆಲವನ್ನೂ ಮುಳುಗಿಸಿದ ನೀರು. ಮುಳುಗಿಸಿದ ನೀರೇ ಇಳಿದಾಗ ಹಸುರು ಹುಲ್ಲನ್ನು ಕೊಟ್ಟು ಆನೆಗಳಿಗೆ ಆಸರೆಯಾಗಿದೆ. ಚರಿತ್ರೆಯ ವ್ಯಂಗ್ಯ ಇದಕ್ಕಿಂತ ನಿಚ್ಚಳವಾಗಿರಲಾರದು. ಆದರೆ ಈ ಆಸರೆಯನ್ನು ತಲುಪಲು ಆನೆಗೆ ದಾರಿ ಬೇಕು. ಆನೆ ಮೂರು ರಾಜ್ಯಗಳ ಗಡಿಯನ್ನು ಬಲ್ಲುದೇ?

'ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ' ಎಂದು ಮುಪ್ಪನ್ನು ಕುರಿತು ನಮ್ಮಲ್ಲಿ ಒಂದು ಗಾದೆ. ಬರಗಾಲದ ವರ್ಷಗಳಲ್ಲಿ ಆನೆಯ ಪಾಡು ಇನ್ನೂ ಬಿಕ್ಕಟ್ಟಿನದು. ಕೆರೆ ಬತ್ತಿದ ಕಾಡು ಅದಕ್ಕೆ ಹೋಗು ಎನ್ನುತ್ತದೆ. ಊರಂತೂ ಬಾ ಎನ್ನುವುದಿಲ್ಲ. ಕಾಡಂಚಿನ ರೈತನ ರಾಗಿ ಜೋಳಗಳು ಒಂದು ರಾತ್ರಿಯಲ್ಲಿ ನೆಲಸಮವಾದಾಗ ಅವನಿಗೆ ಹುಲಿ ಆನೆಗಳ ಗಣತಿಯನ್ನು ಓದಿ ಹೇಳಿ ಸಮಾಧಾನಪಡಿಸಲಾಗದು. ಹವಾಮಾನದ ಏರುಪೇರಿನ ಮೊದಲ ಸುಂಕವನ್ನು ತೆರುವವನು ಪಟ್ಟಣದಲ್ಲಿ ಈ ಪುಟವನ್ನೋದುವ ನಾವಲ್ಲ, ಅವನು.

ಇನ್ನು ಬೆಂಕಿಯ ಮಾತು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಆಸುಪಾಸಿನಲ್ಲಿ ಹೊತ್ತಿದ ಕಿಚ್ಚು ಸಾವಿರಾರು ಎಕರೆಯನ್ನು ಕರಿಕಾಗಿಸಿತು. ಇಲ್ಲಿನ ಕಾಳ್ಗಿಚ್ಚುಗಳು ಬಹುಪಾಲು ಮನುಷ್ಯನ ಕೈಯವೇ. ಆದರೆ ಕಿಡಿ ಕಿಚ್ಚಾಗಲು ಸೌದೆ ಬೇಕು. ಆ ಸೌದೆ ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಹೂವಿನ ಚೆಲುವಿಗೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಲಂಟಾನ ಇಂದು ನಮ್ಮ ಒಣಕಾಡುಗಳ ನೆಲವನ್ನೇ ಹೆಣೆದುಬಿಟ್ಟಿದೆ. ಅದರ ಕೆಳಗೆ ಹುಲ್ಲು ಬೆಳೆಯದು. ಹುಲ್ಲಿಲ್ಲದೆ ಜಿಂಕೆ ಕಡವೆಗಳಿಗೆ ಮೇವಿಲ್ಲ. ಹಿಂದಿನ ದಶಕದ ಮೊದಲ ಭಾಗದಲ್ಲಿ ಬಿದಿರು ಹಿಂಡುಹಿಂಡಾಗಿ ಹೂಬಿಟ್ಟು ಒಣಗಿತು. ಬಿದಿರು ಹೂಬಿಟ್ಟರೆ ಬರ ಬರುವುದೆಂದು ಹಿರಿಯರು ಅಂಜುತ್ತಿದ್ದರು. ಬರವನ್ನು ಬಿದಿರು ತಾರದಿರಬಹುದು. ಒಣಗಿ ನಿಂತ ಮೆಳೆಗಳು ಬೆಂಕಿಗೆ ಆಹಾರವಾಗುವುದಂತೂ ನಿಜ.

ಇಲ್ಲಿಯೇ ಕಾಡಿನ ಮಕ್ಕಳ ಅರಿವನ್ನು ನೆನೆಯಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಆದಿಯಲ್ಲಿಯೇ, ತರಗು ತೆಳುವಾಗಿರುವಾಗ, ನೆಲದ ಮೇಲೆ ಹಗುರವಾಗಿ ಹರಿದುಹೋಗುವ ಬೆಂಕಿಯಿಡುತ್ತಿದ್ದರು. ಅದನ್ನು ಅವರು ತರಗು ಬೆಂಕಿ ಎನ್ನುತ್ತಾರೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ನಿಂತ ಮೇಲೆಯೇ ಲಂಟಾನ ತಲೆಯೆತ್ತಿತೆಂಬುದು ಅವರ ವಾದ, ಅದನ್ನು ಅಲ್ಲಿ ಅಧ್ಯಯನ ಮಾಡಿದ ವಿಜ್ಞಾನಿಗಳೂ ಗಂಭೀರವಾಗಿ ಪರಿಗಣಿಸಿದ್ದಾರೆ. ಹಾಗೆಂದು ಎಲ್ಲ ಕಾಡಿಗೂ ಕೊಳ್ಳಿಯಿಡಬೇಕೆಂದು ಯಾರೂ ಹೇಳುತ್ತಿಲ್ಲ. ಇಂದು ಲಂಟಾನವೇ ತುಂಬಿರುವಲ್ಲಿ ಹಗುರ ಬೆಂಕಿ ಹಗುರವಾಗಿ ಉಳಿಯುವುದೂ ಇಲ್ಲ. ಮೊದಲು ಪೊದೆಯನ್ನು ಕಿತ್ತು, ಹುಲ್ಲನ್ನು ಮರಳಿ ಬರಿಸಿ, ಆಮೇಲೆ ಆ ಮಾತು. ಆದರೆ ಕಾಡನ್ನು ತಲೆಮಾರುಗಳಿಂದ ಓದಿದವರನ್ನು ಓದುಗರ ಪಟ್ಟಿಯಿಂದಲೇ ತೆಗೆದುಹಾಕಿದ್ದು ಸರಿಯೇ? 2006ರ ಅರಣ್ಯ ಹಕ್ಕು ಕಾಯಿದೆಯಂತೆ 2011ರಲ್ಲಿ ಸೋಲಿಗರ ಸಮುದಾಯದ ಹಕ್ಕುಗಳಿಗೆ ಮನ್ನಣೆ ಸಿಕ್ಕಿತು. ಹುಲಿ ಮೀಸಲು ಕಾಡಾದ ಮೇಲೆಯೂ ಅವರು ಅಲ್ಲಿದ್ದಾರೆ, ಹುಲಿಯೂ ಇದೆ. ನಾಗರಹೊಳೆಯ ಜೇನುಕುರುಬರಲ್ಲಿ ಅನೇಕರು 1970ರ ದಶಕದಿಂದೀಚೆಗೆ ಕಾಡಿನ ಹೊರಗೆ ಬಂದರು. ಕಾಡುಕುರುಬರ ಅಳಲನ್ನು ಮಾಸ್ತಿಯವರು 'ಕಾಕನಕೋಟೆ' ನಾಟಕದಲ್ಲಿ ರಂಗದ ಮೇಲೆ ತಂದಿದ್ದಾರೆ. ಅಂದು ಅರಸನು ಕೇಳಬೇಕಾಗಿದ್ದ ದೂರನ್ನು ಇಂದು ಪ್ರಜಾಪ್ರಭುತ್ವ ಕೇಳಬೇಕಾಗಿದೆ.

ಹಾಗಾದರೆ ಮಾಡಬೇಕಾದುದೇನು? ಕಾಡನ್ನು ಕಾಯುವ ಗೆರೆಯನ್ನು ಅಳಿಸಬೇಕೆಂದು ನಾನು ಹೇಳಲಾರೆ. ಗೆರೆಯಿಲ್ಲದಿದ್ದರೆ ಬಂಡೀಪುರ ಇಂದು ಮುಸುಕಿನ ಜೋಳದ ಹೊಲವೋ ವಿಹಾರಧಾಮಗಳ ಸಾಲೋ ಆಗಿರುತ್ತಿತ್ತು. ಗೆರೆ ಇರಲಿ, ಆದರೆ ಅದಕ್ಕೆ ಬಾಗಿಲುಗಳಿರಲಿ. ಬಿಸಿ ಏರಿದಂತೆ ಪ್ರಾಣಿಸಸ್ಯಗಳು ತಂಪಿನತ್ತ, ನೀರಿನತ್ತ ಸರಿಯಬೇಕು. ಆ ಹಾದಿಗಳು, ಕಾಡಿನಿಂದ ಕಾಡಿಗೆ ಉಳಿದಿರುವ ಇಕ್ಕಟ್ಟಿನ ಪಟ್ಟಿಗಳು, ಉದ್ಯಾನದಷ್ಟೇ ಪವಿತ್ರವಾಗಬೇಕು. ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿಯ ಸಂಚಾರವನ್ನು ನಿಷೇಧಿಸಿದಾಗ, ಒಂಬತ್ತು ಗಂಟೆಯಿಂದ ಬೆಳಗಿನ ಆರರವರೆಗೆ ರಸ್ತೆಯನ್ನು ಅದರ ಹಳೆಯ ಒಡೆಯರಿಗೆ ಬಿಟ್ಟುಕೊಟ್ಟಂತಾಯಿತು. ಅದನ್ನು ಸಡಿಲಿಸಬೇಕೆಂಬ ಒತ್ತಾಯ ಮತ್ತೆ ಮತ್ತೆ ಬಂದಿದೆ. ಸರಕಿನ ಲಾರಿಗೆ ಬಳಸುದಾರಿಯಿದೆ, ಆನೆಗೆ ಇಲ್ಲ ಎಂಬ ಒಂದು ಸಾಮಾನ್ಯ ತಿಳಿವಳಿಕೆ ಸಾಕು ಈ ವಿವಾದವನ್ನು ತೂಗಿನೋಡಲು.

ಎರಡನೆಯದು, ಬೆಳೆ ಕಳೆದುಕೊಂಡ ರೈತನಿಗೆ ಪರಿಹಾರ ಅದೇ ಋತುವಿನಲ್ಲಿ ಕೈಸೇರಬೇಕು. ಕಾಡು ಎಲ್ಲರದಾದರೆ ಅದರ ಹೊರೆಯೂ ಎಲ್ಲರದು. ಮೂರನೆಯದು, ಸೌರಶಕ್ತಿಯ ಕೊಳವೆಬಾವಿಗಳಿಂದ ಕಾಡಿನ ಕೆರೆಗಳನ್ನು ತುಂಬಿಸುವುದು ಬರದ ವರ್ಷಕ್ಕೆ ಮದ್ದಾದೀತೇ ಹೊರತು ನಿತ್ಯದ ಊಟವಾಗಲಾರದು. ಅಂತರ್ಜಲಕ್ಕೂ ತಳವಿದೆ. ಮಳೆಯ ನೀರನ್ನು ಬೇರುಗಳ ಮೂಲಕ ನೆಲಕ್ಕಿಳಿಸಿ ಹಳ್ಳಗಳಿಗೆ ನಿಧಾನವಾಗಿ ಬಿಟ್ಟುಕೊಡುವ ಯಂತ್ರವನ್ನು ಕಾಡಿನ ಹೊರತು ಮತ್ತಾರೂ ಕಂಡುಹಿಡಿದಿಲ್ಲ. ನುಗು, ಕಬಿನಿ, ಮೋಯಾರುಗಳ ನೀರನ್ನು ಕುಡಿಯುವ ಊರುಗಳು ಎಷ್ಟು ದೂರದವರೆಗೆ ಇವೆಯೆಂದು ಎಣಿಸಿನೋಡಿದರೆ, ಈ ಕಾಡು ಹುಲಿಯ ಆಸ್ತಿ ಮಾತ್ರವಲ್ಲವೆಂಬುದು ತಿಳಿಯುತ್ತದೆ.

1851ರ ವಿದ್ವಾಂಸರ ಮುಂದಿದ್ದ ಪ್ರಶ್ನೆ, ಕಾಡು ಹೋದರೆ ಮಳೆಗೆ ಏನಾಗುವುದು ಎಂಬುದಾಗಿತ್ತು. ಇಂದು ಅದರ ಮಗ್ಗುಲಿಗೆ ಇನ್ನೊಂದು ಬಂದು ಕುಳಿತಿದೆ: ಮಳೆಯ ಹದ ಕೆಟ್ಟರೆ ಕಾಡಿಗೆ ಏನಾಗುವುದು? ಮೊದಲನೆಯದಕ್ಕೆ ಉತ್ತರ ಕಂಡುಕೊಳ್ಳುವಷ್ಟರಲ್ಲಿ ನಾವು ಅರ್ಧ ಕಾಡನ್ನು ಕಡಿದು ಮುಗಿಸಿದ್ದೆವು. ಎರಡನೆಯದಕ್ಕೆ ಅಷ್ಟು ಬಿಡುವು ಸಿಗುವಂತೆ ಕಾಣುವುದಿಲ್ಲ. ಬರುವ ಬೇಸಗೆಯಲ್ಲಿ ಬಂಡೀಪುರದ ಬೆಂಕಿರೇಖೆಗಳನ್ನು ಸವರಲು ಕಾಡಂಚಿನ ಹಾಡಿಗಳ ಯುವಕರು ಮತ್ತೆ ಕುಡುಗೋಲು ಹಿಡಿದು ಹೊರಡುತ್ತಾರೆ. ಅವರ ಕೂಲಿ, ಅವರ ಕ್ಷೇಮ, ಅವರ ತಿಳಿವು, ಈ ಮೂರನ್ನೂ ಆ ವರ್ಷದ ಆಯವ್ಯಯದಲ್ಲಿ ಎಷ್ಟು ಎತ್ತರದಲ್ಲಿಡುತ್ತೇವೆ ಎಂಬುದೇ ಸದ್ಯಕ್ಕೆ ನಮ್ಮ ಉತ್ತರ.