ಮದ್ದು ಮತ್ತು ಮಾತ್ರೆ

ಕನ್ನಡದಲ್ಲಿ ರೋಗವನ್ನು ಕಳೆಯುವ ಔಷಧಕ್ಕೂ ಕೋವಿಯಲ್ಲಿ ತುಂಬುವ ಸ್ಫೋಟಕಕ್ಕೂ ಮದ್ದು ಎಂಬ ಒಂದೇ ಹೆಸರು ರೂಢಿಯಲ್ಲಿರುವುದು. ಕೋವಿಯ ಮದ್ದನ್ನು ಮೊದಲು ಕಂಡುಹಿಡಿದ ಚೀನೀಯರೂ ಅದನ್ನು ‘ಬೆಂಕಿಯ ಔಷಧ’ವೆಂದೇ ಕರೆದರು. ಔಷಧವಾದ ಮೇಲೆ ಅದಕ್ಕೊಂದು ಮಾತ್ರೆ, ಎಂದರೆ ಪ್ರಮಾಣ, ಇರಲೇಬೇಕಷ್ಟೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಮಾತ್ರಾಶಿತೀಯವೆಂಬ ಒಂದು ಅಧ್ಯಾಯವೇ ಉಂಟು. ಆಹಾರದ ಮಾತ್ರೆಯು ಉಣ್ಣುವವನ ಅಗ್ನಿಬಲವನ್ನು ಅನುಸರಿಸತಕ್ಕದ್ದೆಂಬುದು ಅಲ್ಲಿಯ ಅಭಿಪ್ರಾಯ. ಅಳತೆಯು ಪಾತ್ರೆಯನ್ನು ನೋಡಿ ನಿಶ್ಚಯವಾಗತಕ್ಕದ್ದಲ್ಲ, ಅಗ್ನಿಯನ್ನು ನೋಡಿ ನಿಶ್ಚಯವಾಗತಕ್ಕದ್ದು. ಯೂರೋಪು ಅಮೆರಿಕಗಳ ಕೋವಿಗಾರರು ಇದೇ ಪಾಠವನ್ನು ಬಹು ಕಷ್ಟದಿಂದ ಕಲಿಯಬೇಕಾಯಿತು. ಹಕ್ಕಿಬೇಟೆಯ ಚರೆಕೋವಿಗೆಂದು ಹುಟ್ಟಿದ ಮದ್ದು ಕೈಪಿಸ್ತೂಲಿಗೂ ಒದಗಿ ಬಂದ ಚರಿತ್ರೆಯಲ್ಲಿ ಆ ಪಾಠವು ಅಡಗಿದೆ.

ಹಳೆಯ ಕರಿಮದ್ದಿನಲ್ಲಿ ನೂರು ಪಾಲಿಗೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಲು, 10 ಪಾಲು ಗಂಧಕ. ಆಂಡ್ರೂ ನೋಬಲ್ ಮತ್ತು ಫ್ರೆಡರಿಕ್ ಏಬಲ್ ಎಂಬ ಇಂಗ್ಲೆಂಡಿನ ವಿದ್ವಾಂಸರು 1875ರಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ, ಈ ಮದ್ದು ಉರಿದಾಗ ತೂಕದಲ್ಲಿ ಅರ್ಧಕ್ಕೂ ಕಡಿಮೆ ಭಾಗವು ಮಾತ್ರ ಅನಿಲವಾಗುವುದೆಂದು ತಿಳಿದುಬಂದಿತು. ಉಳಿದುದು ಹೊಗೆಯಾಗಿ ಕಣ್ಣಿಗೂ ಕಿಟ್ಟವಾಗಿ ನಳಿಗೆಗೂ ಅಂಟುವುದು. ಆದರೆ ಈ ದುರ್ಬಲತೆಯಲ್ಲಿಯೇ ಒಂದು ಗುಣವಿತ್ತು. 1873ರಲ್ಲಿ ಅಮೆರಿಕದಲ್ಲಿ ಹೊರಬಂದ ಕೋಲ್ಟ್ 45 ರಿವಾಲ್ವರಿನ ತೋಟೆಯು 40 ಗ್ರೇನು ಕರಿಮದ್ದಿನಿಂದ ತುಂಬಿಹೋಗುತ್ತಿತ್ತು. ಅದಕ್ಕೆ ಎರಡು ಸಲ ಮದ್ದು ಸುರಿಯಲು ಹೋದವನ ಕೈಮೇಲೆಯೇ ಮದ್ದು ಚೆಲ್ಲುತ್ತಿತ್ತು. ಪಾತ್ರೆಯ ಅಂಚೇ ಮಾತ್ರೆಯ ಎಲ್ಲೆಯಾಗಿದ್ದ ಕಾಲವದು. ಆದಕಾರಣ ಬೇಟೆಗಾರನು ತಕ್ಕಡಿಯನ್ನು ಹುಡುಕಲಿಲ್ಲ. ಡ್ರಾಮಿನ ಗುರುತುಳ್ಳ ಒಂದು ಅಳತೆಬಟ್ಟಲಿನಿಂದಲೇ ತೃಪ್ತನಾಗಿದ್ದನು.

1846ರಲ್ಲಿ ಬಾಸೆಲ್ ನಗರದ ರಸಾಯನಶಾಸ್ತ್ರಜ್ಞನಾದ ಷೋನ್‌ಬೈನನು ಹತ್ತಿಯನ್ನು ಆಮ್ಲಗಳಲ್ಲಿ ನೆನಸಿ ಸಿಡಿಹತ್ತಿಯನ್ನು ಪ್ರಕಟಪಡಿಸಿದನು. ಹೊಗೆಯಿಲ್ಲದ ಈ ಹೊಸ ವಸ್ತುವಿನ ಉಗ್ರತೆಯನ್ನು ಅರಿಯದೆ ಅದನ್ನು ತಯಾರಿಸಹೊರಟ ಇಂಗ್ಲೆಂಡಿನ ಫೇವರ್‌ಷ್ಯಾಮಿನ ಕಾರ್ಖಾನೆಯು ಮರುವರ್ಷವೇ ಸಿಡಿದು ಅನೇಕರು ಮೃತರಾದರು. ಅದನ್ನು ಪಳಗಿಸುವುದರಲ್ಲಿ ಮೊದಲು ಕೃತಾರ್ಥನಾದವನು ಪ್ರಷ್ಯದ ಫಿರಂಗಿದಳದ ಷುಲ್ಟ್‌ಜೆ ಎಂಬ ಅಧಿಕಾರಿ. ಅವನು ಸುಮಾರು 1864ರಲ್ಲಿ ಹತ್ತಿಗೆ ಬದಲಾಗಿ ಮರದ ನಾರನ್ನು ಉಪಯೋಗಿಸಿದನು. ಆ ಮದ್ದು ರೈಫಲಿಗೆ ಒಗ್ಗದಷ್ಟು ಬೇಗ ಉರಿಯುತ್ತಿತ್ತು. ಚರೆಕೋವಿಗೆ ಮಾತ್ರ ಹಿತವಾಯಿತು.

ಇದರ ಕಾರಣವು ವಿಚಾರಾರ್ಹವಾಗಿದೆ. ರೈಫಲಿನ ನಳಿಗೆ ಇಕ್ಕಟ್ಟು, ಗುಂಡು ಭಾರ. ಅಲ್ಲಿ ಮದ್ದು ನಿಧಾನವಾಗಿ ಉರಿದು ಗುಂಡನ್ನು ನಳಿಗೆಯ ಉದ್ದಕ್ಕೂ ತಳ್ಳುತ್ತ ಬರಬೇಕು. ಚರೆಕೋವಿಯ ನಳಿಗೆಯಾದರೋ ಅಗಲ. ಚರೆಯು ಒಂದಿಷ್ಟು ಮುಂದೆ ಸರಿದ ಕೂಡಲೆ ಹಿಂದೆ ಬಹಳ ಸ್ಥಳವು ತೆರವಾಗಿ ಒತ್ತಡವು ಇಳಿದುಬಿಡುವುದು. ನಳಿಗೆಯ ಗೋಡೆಯೂ ತೆಳುವಾದುದರಿಂದ ಹೆಚ್ಚಿನ ಒತ್ತಡವನ್ನು ಸಹಿಸಲಾರದು. ಅಲ್ಪ ಒತ್ತಡದಲ್ಲಿಯೂ ಚೆನ್ನಾಗಿ ಹೊತ್ತಿ ಬೇಗನೆ ಮುಗಿಯುವ ಮದ್ದೇ ಅಲ್ಲಿಗೆ ಯೋಗ್ಯ. ಪಿಸ್ತೂಲಿನ ನಳಿಗೆಯು ಕೆಲವೇ ಅಂಗುಲಗಳದು. ಗುಂಡು ಹೊರಬೀಳುವುದರೊಳಗೆ ಮದ್ದು ಉರಿದು ತೀರಬೇಕು. ಹೀಗೆ ನೋಟಕ್ಕೆ ಯಾವ ಹೋಲಿಕೆಯೂ ಇಲ್ಲದ ಎರಡು ಆಯುಧಗಳು ಬೇರೆ ಬೇರೆ ಕಾರಣಗಳಿಂದ ಒಂದೇ ಜಾತಿಯ ಬೆಂಕಿಯನ್ನು ಬೇಡಿದುವು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಎಂಬಾತನು ಸಿಡಿಹತ್ತಿಯನ್ನು ದ್ರಾವಕಗಳಲ್ಲಿ ಕಲಸಿ, ಹಾಳೆಯಾಗಿ ಲಟ್ಟಿಸಿ, ಸಣ್ಣ ಚಕ್ಕೆಗಳಾಗಿ ಕತ್ತರಿಸಿದನು. 1887ರಲ್ಲಿ ಆಲ್‌ಫ್ರೆಡ್ ನೊಬೆಲನು ನೈಟ್ರೋಗ್ಲಿಸರಿನನ್ನು ಬೆರಸಿ ಬ್ಯಾಲಿಸ್ಟೈಟನ್ನು ಮಾಡಿದನು. ಇವು ಒತ್ತಾದ, ಸಾಂದ್ರವಾದ ಮದ್ದುಗಳು. ಸುತ್ತಲಿನ ಒತ್ತಡವು ಏರಿದಂತೆಲ್ಲ ಇವುಗಳ ದಹನದ ವೇಗವೂ ಏರುವುದೆಂಬ ನಿಯಮವನ್ನು ವಿಯೇಯನೇ ನಿರೂಪಿಸಿದನು. ಬೆಂಕಿಯು ಒತ್ತಡವನ್ನೂ, ಒತ್ತಡವು ಬೆಂಕಿಯನ್ನೂ ಹೆಚ್ಚಿಸುವ ಈ ಅನ್ಯೋನ್ಯಾಶ್ರಯದಿಂದ, ಮಾತ್ರೆಯು ಎರಡರಷ್ಟಾದರೆ ಒತ್ತಡವು ಎರಡರಷ್ಟಕ್ಕೆ ನಿಲ್ಲದೆ ಅದನ್ನು ಬಹುದೂರ ಮೀರುವುದು.

ಅಪಾಯವು ಇಲ್ಲಿಯೇ ಹುಟ್ಟಿತು. ಹನ್ನೆರಡು ಬೋರಿನ ಚರೆಕೋವಿಗೆ 3 ಡ್ರಾಮು ಕರಿಮದ್ದು, ಎಂದರೆ ಸುಮಾರು 82 ಗ್ರೇನು, ವಾಡಿಕೆಯ ಮಾತ್ರೆ. ಷುಲ್ಟ್‌ಜೆಯ ಮದ್ದು ಅದೇ ಕೆಲಸವನ್ನು 42 ಗ್ರೇನಿನಲ್ಲಿ ಮಾಡುತ್ತಿತ್ತು. ಆದರೆ ಅದು ಹಗುರವಾಗಿ ಉಬ್ಬಿದ್ದರಿಂದ ಹಳೆಯ ಬಟ್ಟಲಿನಷ್ಟೇ ಸ್ಥಳವನ್ನು ಆಕ್ರಮಿಸುತ್ತಿತ್ತು. ಬೇಟೆಗಾರನ ಅಭ್ಯಾಸವನ್ನು ಬಲ್ಲ ತಯಾರಕರು ಬೇಕೆಂದೇ ಹಾಗೆ ಮಾಡಿದ್ದರು. ಸಾಂದ್ರಮದ್ದುಗಳು ಬಂದಾಗ ಈ ಸೌಕರ್ಯವು ತಪ್ಪಿತು. ಅವುಗಳನ್ನೂ ಬಟ್ಟಲಿನಿಂದ ಅಳೆದವರ ಕೋವಿಗಳು ಒಡೆದುವು. ಬೆರಳುಗಳೂ ಕಣ್ಣುಗಳೂ ಹೋದುವು. 1813ರಲ್ಲಿ ಕಾಯಿದೆಯಿಂದ ಸ್ಥಾಪಿತವಾದ ಬರ್ಮಿಂಗ್‌ಹ್ಯಾಮಿನ ನಳಿಗೆಪರೀಕ್ಷಾಗೃಹವು ಮುಂದೆ ಹೊಸ ಮದ್ದಿಗೆಂದೇ ಬೇರೆ ಪರೀಕ್ಷೆಯನ್ನೂ ಬೇರೆ ಮುದ್ರೆಯನ್ನೂ ಏರ್ಪಡಿಸಬೇಕಾಯಿತು. ಅಮೆರಿಕದ ಚರೆತೋಟೆಗಳ ಪೆಟ್ಟಿಗೆಗಳ ಮೇಲೆ ‘ಇಷ್ಟು ಡ್ರಾಮಿಗೆ ಸಮಾನ’ ಎಂಬ ಬರಹವು ಇಂದಿಗೂ ಕಾಣಿಸುವುದು. ಅದು ಒಳಗಿರುವ ಮದ್ದಿನ ತೂಕವಲ್ಲ. ಕರಿಮದ್ದಿನ ಕಾಲದ ಹೋಲಿಕೆ ಮಾತ್ರ.

ಸುಟ್ಟ ಹಿತ್ತಾಳೆಯ ತೋಟೆಯನ್ನು ಎಸೆಯದೆ ಮನೆಯಲ್ಲಿಯೇ ಮತ್ತೆ ತುಂಬಿಕೊಳ್ಳುವ ಮಿತವ್ಯಯವು ಅಮೆರಿಕದಲ್ಲಿ ಹಳೆಯದು. 1884ರಲ್ಲಿ ಬಾರ್ಲೋ ಎಂಬಾತನು ಸ್ಥಾಪಿಸಿದ ಐಡಿಯಲ್ ಕಂಪನಿಯು ಅದರ ಉಪಕರಣಗಳನ್ನು ಮಾರಿ ಪ್ರಸಿದ್ಧವಾಯಿತು. ಲ್ಯಾಫ್ಲಿನ್ ಅಂಡ್ ರ‍್ಯಾಂಡ್ ಎಂಬ ಕಂಪನಿಯು 1898ರಲ್ಲಿ ಬುಲ್ಸ್‌ಐ ಎಂಬ ಪಿಸ್ತೂಲುಮದ್ದನ್ನೂ, ಸುಮಾರು 1900ರಲ್ಲಿ ಯುನೀಕ್ ಎಂಬ ಮದ್ದನ್ನೂ ತಂದಿತು. ಯುನೀಕ್ ಚರೆಕೋವಿಗೂ ಪಿಸ್ತೂಲಿಗೂ ಸಲ್ಲುವುದು. ಚರೆಕೋವಿಗೆಂದು ಹುಟ್ಟಿದ ರೆಡ್ ಡಾಟ್ ಮದ್ದನ್ನೂ ಪಿಸ್ತೂಲುಗಾರರು ಬಳಸಿಕೊಂಡರು. ಒಂದೇ ಡಬ್ಬಿಯಿಂದ ಎರಡು ಕೋವಿಗಳ ಊಟವಾಗುವುದು ಗೃಹಸ್ಥನಿಗೆ ಲಾಭವೇ ಸರಿ.

ಆದರೆ ಕೋಲ್ಟ್ 45ರ ತೋಟೆಯು ಇಂದಿಗೂ ಕರಿಮದ್ದಿನ ಕಾಲದ ದೊಡ್ಡ ಮನೆಯೇ. ಬೇಗ ಉರಿಯುವ ಹೊಸ ಮದ್ದಿನ ಕೆಲವೇ ಗ್ರೇನುಗಳು ಅದರ ತಳದಲ್ಲಿ ಎಲ್ಲೋ ಮಲಗಿರುವುವು. ಮರೆತು ಮತ್ತೊಮ್ಮೆ ಸುರಿದರೂ ಅದು ಚೆಲ್ಲದು. ಮೇಲೆ ಗುಂಡು ಕೂತಮೇಲೆ ಯಾರಿಗೂ ಕಾಣದು. ಹಿಂದೆ ಪಾತ್ರೆಯೇ ಕೊಡುತ್ತಿದ್ದ ಎಚ್ಚರಿಕೆಯನ್ನು ಈಗ ಮನುಷ್ಯನೇ ತಂದುಕೊಳ್ಳಬೇಕು. ಮೇಲಾಗಿ ಚರೆಮದ್ದೆಂಬುದು ಒಂದೇ ವಸ್ತುವಲ್ಲ; ಅವುಗಳಲ್ಲಿ ಶೀಘ್ರವೂ ಉಂಟು, ಮಂದವೂ ಉಂಟು. ಒಂದರ ಮಾತ್ರೆಯು ಮತ್ತೊಂದಕ್ಕೆ ಸಲ್ಲದು. ಆದುದರಿಂದಲೇ ತಯಾರಕರು ತಮ್ಮ ಪ್ರತಿಯೊಂದು ಮದ್ದಿಗೂ, ಪ್ರತಿಯೊಂದು ಗುಂಡಿಗೂ ಪರೀಕ್ಷೆಮಾಡಿ ಪಟ್ಟಿಗಳನ್ನು ಪ್ರಕಟಿಸುವುದು. ಬಲ್ಲವರು ತೂಗಿ ಹಾಕಿ, ಗುಂಡು ಕೂರಿಸುವ ಮೊದಲು ಪ್ರತಿಯೊಂದು ತೋಟೆಯನ್ನೂ ಬೆಳಕಿಗೆ ಹಿಡಿದು ನೋಡುವುದು.

ಹೆಸರು ಹಳೆಯದಾಗಿ ಉಳಿದು ವಸ್ತುವು ಹೊಸದಾದಾಗ ಜನರು ಹೆಸರನ್ನು ನಂಬುವರು. ಕಪ್ಪು ಪುಡಿಗೂ ಹಳದಿ ಚಕ್ಕೆಗೂ ಮದ್ದೆಂದೇ ಹೆಸರಾದುದರಿಂದ ಅಜ್ಜನ ಬಟ್ಟಲು ಮೊಮ್ಮಗನಿಗೂ ಸಾಕೆಂದು ತೋರಿತು. ಬಟ್ಟಲು ಬದಲಾಗಿರಲಿಲ್ಲ, ಅದು ನಿಜ. ಅದರೊಳಗಿನ ಅಗ್ನಿಯು ಬದಲಾಗಿತ್ತು.